ನಾತ ಯಾವಾಗ ಬರತೈತ್ರಿ ಸಾವಕಾರ್ರ?

ನವೆಂಬರ್ ಬಂತೆಂದರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳೆಲ್ಲ ಕಬ್ಬಿನ ಟ್ರ್ಯಾಕ್ಟರುಗಳ ಪಾಲು. ಎರಡೆರಡು ಟ್ರೇಲರ್ ಕಟ್ಟಿಕೊಂಡು ತೇಕುತ್ತ ಹೋಗುವ ಅವುಗಳ ಹಿಂದೆ ಸಿಕ್ಕಿಕೊಂಡ ಕಾರಿನವರು ಶಾಪ ಹಾಕುತ್ತಾರೆ. ಶಾಪ ಹಾಕುವವರ ಟ್ಯಾಂಕಿನಲ್ಲೂ ಕಬ್ಬಿದೆ. ಸಕ್ಕರೆ ತೆಗೆದು ಉಳಿದ ಕಾಕಂಬಿ, ಕೆಲವೆಡೆ ನೇರ ಕಬ್ಬಿನ ರಸವೇ, ಡಿಸ್ಟಿಲರಿಗೆ ಹೋಗುತ್ತದೆ. ಉಗಾರ ಖುರ್ದದಲ್ಲೂ ಅಥಣಿ ತಾಲ್ಲೂಕಿನ ರೇಣುಕಾ ಶುಗರ್ಸ್ ಘಟಕದಲ್ಲೂ ಅಂಥ ಡಿಸ್ಟಿಲರಿಗಳಿವೆ. ಅಲ್ಲಿ ತಯಾರಾದ ಎಥೆನಾಲ್ ಟ್ಯಾಂಕರ್ ಏರಿ ತೈಲ ಕಂಪನಿಗಳ ಡಿಪೊ ಸೇರಿ, ಪೆಟ್ರೋಲಿನಲ್ಲಿ ಬೆರೆತು, ಹೆದ್ದಾರಿ ಬದಿಯ ಬಂಕಿಗೆ ವಾಪಸು ಬರುತ್ತದೆ. ಹೊಸ ಕಾರುಗಳು ಅದನ್ನು ಕುಡಿದು ಸುಮ್ಮನಿರುತ್ತವೆ. ಐವತ್ತು ವರ್ಷದ ಕಾರು ಸುಮ್ಮನಿರುವುದಿಲ್ಲ.

ಅಂಥದೊಂದು ಕಾರು ಇದೇ ಸೀಮೆಯ ಭೋಜದ ತೋಟದ ಮನೆಯ ಶೆಡ್ಡಿನಲ್ಲಿ ನಿಂತಿದೆ ಎಂದಿಟ್ಟುಕೊಳ್ಳೋಣ. ದೂಧಗಂಗಾ, ವೇದಗಂಗಾ ಕೂಡುವ ಈ ಊರು ಜೈನರಿಗೆ ಆಚಾರ್ಯ ಶಾಂತಿಸಾಗರರ ಊರು. ದೇಶದ ಉದ್ದಗಲ ಬರಿಗಾಲಲ್ಲಿ ನಡೆದ ದಿಗಂಬರ ಮುನಿಯ ಊರಿನಲ್ಲಿ ಸ್ಪೋರ್ಟ್ಸ್ ಕಾರಿನ ಮಾತೇ ಎಂದು ಯಾರಾದರೂ ನಕ್ಕರೆ ನಗಲಿ. ಹಳೆ ಗಾಡಿಯ ಹುಚ್ಚಿಗೆ ಊರು ಕೇರಿ ಇಲ್ಲ. ಕೊಲ್ಹಾಪುರವೂ ಇಲ್ಲಿಂದ ದೂರವಲ್ಲ. ಸಿಗದ ಬಿಡಿಭಾಗವನ್ನು ಅಲ್ಲಿನ ಉದ್ಯಮನಗರದ ಲೇತ್‌ಗಳಲ್ಲಿ ತಿರುವಿಸಿಕೊಂಡು ಬರಬಹುದು.

ನಮ್ಮ ದೇಶದಲ್ಲಿ ತಯಾರಾದ ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯಷ್ಟು. ಬೆಂಗಳೂರು ಮೂಲದ ಸ್ಯಾನ್ ಕಂಪನಿಯ ಸ್ಟಾರ್ಮ್ 1998ರಲ್ಲಿ ಬಂತು. ಎರಡೇ ಸೀಟು, ಫೈಬರ್ ಗ್ಲಾಸ್ ಮೈ, ಒಳಗೆ ರೆನೊದ 1,149 ಸಿಸಿ ಎಂಜಿನ್. ಅದಕ್ಕೂ ಹಿಂದೆ, ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ತಯಾರಿಸಿತು. ಇಟಲಿಯ ಜೊವಾನಿ ಮಿಕೆಲೊಟ್ಟಿ ಬಿಡಿಸಿದ ರೂಪ ಅದು. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಮೇಲೆ ಅದೇ ಮಿಕೆಲೊಟ್ಟಿಯ ಇನ್ನೊಂದು ಮೈ ಕೂಡಿಸಿ, ಬ್ರಿಟನ್ನಿನ ಟ್ರಯಂಫ್ ಕಂಪನಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು 1962ರಿಂದ 1980ರವರೆಗೆ ಮಾರಿತು. ನಮ್ಮ ಊಹೆಯ ಕಾರು ಈ ವಂಶದ್ದು. ಇದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮಿಸ್ತ್ರಿ ಮುಂದಿನ ಗಾಲಿಯ ಮೇಲೆ ಆರಾಮಾಗಿ ಕೂತು ಕಾರ್ಬೊರೇಟರ್ ಬಿಚ್ಚಬಹುದು. ಇಂದಿನ ಯಾವ ಕಾರೂ ಈ ಸುಖ ಕೊಡುವುದಿಲ್ಲ.

ಮಾಲೀಕರ ದೂರು ಇಷ್ಟು: "ಸೆಲ್ಫ್ ಹೊಡದು ಹೊಡದು ಬ್ಯಾಟರಿ ಕುಂದ್ರತೈತಿ, ಗಾಡಿ ಚಾಲೂ ಆಗವಲ್ದು. ಮ್ಯಾಲ ಪೆಟ್ರೋಲ್ ನಾತ." ಅರೆಬರೆ ಮಿಸ್ತ್ರಿಯಾದರೆ ಇಷ್ಟು ಕೇಳಿದ್ದೇ ಪಾನಾ ಎತ್ತಿಕೊಂಡು ಕಾರ್ಬೊರೇಟರ್ ಬಿಚ್ಚುತ್ತಾನೆ. ಪಳಗಿದವನು ಪಾನಾ ಮುಟ್ಟದೆ ಕೇಳುತ್ತಾನೆ: "ನಾತ ಯಾವಾಗ ಬರತೈತ್ರಿ ಸಾವಕಾರ್ರ? ಮುಂಜಾನೆ ಶೆಡ್ಡಿನ ಬಾಗಿಲಾ ತಗದಾಗೋ, ಗಾಡಿ ಓಡಿಸಿ ಬಂದ ಮ್ಯಾಲೋ? ಚಾಲೂ ಆಗೂದಿಲ್ಲ ಅಂತೀರಲ್ಲ, ಅದು ತಣ್ಣಗಿದ್ದಾಗೋ, ಬಿಸಿ ಇದ್ದಾಗೋ?" ಅರ್ಧ ಕೆಲಸ ಈ ಪ್ರಶ್ನೆಗಳಲ್ಲೇ ಮುಗಿದಿರುತ್ತದೆ.

ಯಾಕೆಂದರೆ ಎಂಜಿನ್ನಿನೊಳಗೆ ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೆರೆತರೆ ಉರಿ ಹದವಾಗಿರುತ್ತದೆ. ಗಾಳಿ ತೀರ ಹೆಚ್ಚಾದರೂ ಹೊತ್ತುವುದಿಲ್ಲ, ಪೆಟ್ರೋಲ್ ತೀರ ಹೆಚ್ಚಾದರೂ ಹೊತ್ತುವುದಿಲ್ಲ. ಹಾಗಾಗಿ ಸ್ಟಾರ್ಟ್ ಆಗದ ಎಂಜಿನ್ ಒಂದೋ ಒಣಗಿರುತ್ತದೆ, ಇಲ್ಲವೇ ಮುಳುಗಿರುತ್ತದೆ. ಎಂಜಿನ್ನಿಗೆ ಸಿಗಬೇಕಾದ ಪೆಟ್ರೋಲ್ ಎಲ್ಲಿ ಹೋಯಿತು, ಅಥವಾ ಬೇಡದ್ದು ಎಲ್ಲಿಂದ ಬಂತು ಎಂಬುದರ ವಿಳಾಸ ವಾಸನೆಯಲ್ಲಿದೆ.

ಮುಂಜಾನೆ ಶೆಡ್ಡಿನ ಬಾಗಿಲು ತೆಗೆದ ಕೂಡಲೇ ನಾತ ಮೂಗಿಗೆ ಹೊಡೆದರೆ, ಎಂಜಿನ್ ನಿಂತಿರುವಾಗಲೇ ಸೋರಿಕೆ ನಡೆದಿದೆ ಎಂದರ್ಥ. ಹುಡುಕಾಟ ಟ್ಯಾಂಕಿನಿಂದಲೇ ಶುರುವಾಗಬೇಕು. ಹಿಂದಿನ ದಿನ ಟ್ಯಾಂಕ್ ಭರ್ತಿ ಮಾಡಿಸಿದಾಗ ಮಾತ್ರ ನಾತ ಬಂದು, ಅರ್ಧಕ್ಕಿಳಿದ ಮೇಲೆ ನಿಂತುಹೋಗುತ್ತದೆಯೇ? ಹಾಗಾದರೆ ತೂತು ಮೇಲರ್ಧದಲ್ಲಿದೆ. ಪೆಟ್ರೋಲ್ ಹಾಕುವ ಬಾಯಿಗೂ ಟ್ಯಾಂಕಿಗೂ ನಡುವಿನ ದಪ್ಪ ರಬ್ಬರ್ ಕೊಳವೆ, ಮುಚ್ಚಳದ ವಾಷರ್, ಗೇಜಿನ ಫ್ಲೋಟ್ ಕೂಡಿಸುವ ಜಾಗದ ಪ್ಯಾಕಿಂಗ್, ಇವುಗಳಲ್ಲಿ ಒಂದು. ಎಷ್ಟೇ ಪೆಟ್ರೋಲ್ ಇದ್ದರೂ ನಾತ ತಪ್ಪುವುದಿಲ್ಲವೆಂದರೆ ತಳದ ತುಕ್ಕು, ಪಟ್ಟಿ ಬಿಗಿದ ಜಾಗ, ಹೊರಗೆ ಹೊರಡುವ ನಳಿಕೆಯ ಜೋಡಣೆ. ಪೆಟ್ರೋಲ್ ಆರಿಹೋಗುವುದರಿಂದ ಹನಿ ಕಾಣದಿರಬಹುದು. ಆದರೆ ಸೋರಿದ ಜಾಗದಲ್ಲಿ ಚಹಾ ಬಣ್ಣದ ಕಲೆ ಉಳಿಯುತ್ತದೆ, ಸುತ್ತಲಿನ ಧೂಳು ತೊಳೆದುಹೋಗಿರುತ್ತದೆ. ಟಾರ್ಚ್ ಹಿಡಿದು ಆ ಕಲೆ ಹುಡುಕಬೇಕು.

ಇಂಥ ಸೋರಿಕೆ ಇದ್ದ ಗಾಡಿ ವಾರಗಟ್ಟಲೆ ನಿಂತ ಮೇಲೆ ಸ್ಟಾರ್ಟ್ ಆಗದಿರುವುದಕ್ಕೆ ಕಾರಣವೂ ಸರಳ. ಕಾರ್ಬೊರೇಟರಿನ ಬಟ್ಟಲು ಆರಿರುತ್ತದೆ. ಪೈಪಿನಲ್ಲಿ ಎಲ್ಲೋ ಒಂದು ಕಡೆ ಕೂದಲಿನಷ್ಟು ಬಿರುಕಿದ್ದರೆ ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಸುಮ್ಮನೆ ಸೆಲ್ಫ್ ಹೊಡೆಯುತ್ತ ಕೂತರೆ ಬ್ಯಾಟರಿ ಸಾಯುತ್ತದೆ ಅಷ್ಟೆ. ಹೆರಾಲ್ಡಿನಂಥ ಕಾರುಗಳ ಪಂಪು ಎಂಜಿನ್ನಿನ ಕ್ಯಾಮ್‌ನಿಂದ ನಡೆಯುವ ಡಯಾಫ್ರಮ್ ಪಂಪು. ಅದರ ಅಡಿಯಲ್ಲಿ ಕೈಯಿಂದ ಆಡಿಸುವ ಚಿಕ್ಕ ಸಲಾಕೆಯೊಂದಿದೆ. ಎಷ್ಟೋ ಮಾಲೀಕರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಅದನ್ನು ಮೇಲೆ ಕೆಳಗೆ ಆಡಿಸಿದಾಗ ಮೊದಲು ಬೆರಳಿಗೆ ಭಾರ ತಾಕುತ್ತದೆ. ಬಟ್ಟಲು ತುಂಬಿದ ಮೇಲೆ ಭಾರ ಹೋಗಿ ಸಲಾಕೆ ಹಗುರಾಗುತ್ತದೆ. ಆಮೇಲೆ ಚೋಕ್ ಎಳೆದು ಸೆಲ್ಫ್ ಹೊಡೆದಾಗ ಒಂದೇ ಏಟಿಗೆ ಎಂಜಿನ್ ಹಿಡಿಯಿತೆಂದರೆ ಕಾಯಿಲೆ ಪೆಟ್ರೋಲ್ ತಲುಪುವ ಹಾದಿಯಲ್ಲೇ ಇದೆ. ಪ್ಲಗ್, ಕಾಯಿಲ್ ಬದಲಾಯಿಸುವ ಖರ್ಚು ಉಳಿಯಿತು. ಹಗುರಾಗುವ ಬದಲು ಎಷ್ಟು ಹೊತ್ತು ಆಡಿಸಿದರೂ ಭಾರ ಹಾಗೇ ಇದ್ದರೆ, ಪೆಟ್ರೋಲ್ ಎಲ್ಲೋ ಹರಿದುಹೋಗುತ್ತಿದೆ.

ಹರಿದು ಎಲ್ಲಿ ಹೋಗುತ್ತಿದೆ ಎನ್ನುವುದಕ್ಕೆ ಆಯಿಲ್ ಗೇಜಿನ ಕಡ್ಡಿ ಎಳೆದು ಮೂಸಿ ನೋಡಬೇಕು. ಪಂಪಿನ ಡಯಾಫ್ರಮ್ ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಹಾಕದೆಯೇ ಮಟ್ಟ ಏರಿದೆ, ಕೈಗೆ ತೆಳ್ಳಗೆ ಹತ್ತುತ್ತದೆ, ನಾತ ಬೇರೆ. ಹೀಗಿದ್ದರೆ ಅದೇ ಆಯಿಲಿನಲ್ಲಿ ಗಾಡಿಯನ್ನು ನಿಪ್ಪಾಣಿಯವರೆಗೂ ಓಡಿಸಬಾರದು. ಬೇರಿಂಗ್ ಹೋದರೆ ಡಯಾಫ್ರಮ್ಮಿನ ನೂರು ಪಟ್ಟು ಖರ್ಚು.

ಇನ್ನು ಬಿಸಿ ಗಾಡಿಯ ಕಥೆ. ಭೋಜದಿಂದ ಹೊರಟು ಚಿಕ್ಕೋಡಿಗೆ ಹೋದಿರಿ, ಮೇ ತಿಂಗಳ ಮಧ್ಯಾಹ್ನ, ಕಾಲು ಗಂಟೆ ಕೆಲಸ ಮುಗಿಸಿ ಬಂದು ಕೀಲಿ ತಿರುವಿದರೆ ಗಾಡಿ ಮೊಂಡು. ಬಾನೆಟ್ಟಿನಡಿ ನಾತ. ಓಡುವಾಗ ಫ್ಯಾನು, ನೀರು ಎಂಜಿನ್ನನ್ನು ತಣಿಸುತ್ತಿರುತ್ತವೆ. ನಿಲ್ಲಿಸಿದ ಕೂಡಲೇ ಎರಡೂ ಬಂದ್. ಕಾದ ಲೋಹದ ಕಾವೆಲ್ಲ ಮೇಲೇರಿ ಕಾರ್ಬೊರೇಟರಿಗೆ ಬಡಿಯುತ್ತದೆ. ಹಾಗಾಗಿ ಎಂಜಿನ್ ನಿಂತ ಮೇಲಿನ ಹತ್ತು ಹದಿನೈದು ನಿಮಿಷ ಬಾನೆಟ್ಟಿನೊಳಗಿನ ಶಾಖ ಇಳಿಯುವುದಿಲ್ಲ, ಏರುತ್ತದೆ. ಪೆಟ್ರೋಲಿನ ಹಗುರ ಅಂಶಗಳು ಮೂವತ್ತೈದು ನಲವತ್ತು ಡಿಗ್ರಿಗೇ ಕುದಿಯತೊಡಗುತ್ತವೆ. ಬಟ್ಟಲಲ್ಲಿ ಕುದ್ದ ಪೆಟ್ರೋಲ್ ಜೆಟ್ಟಿನ ಮೂಲಕ ಉಕ್ಕಿ ಇನ್‌ಲೆಟ್ ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಎಂಜಿನ್ ಮುಳುಗಿತು. ಆಗ ಚೋಕ್ ಎಳೆಯುವುದೆಂದರೆ ಮುಳುಗಿದವನಿಗೆ ನೀರು ಕುಡಿಸಿದಂತೆ. ಆಕ್ಸಿಲರೇಟರನ್ನು ಪದೇಪದೇ ತುಳಿಯದೆ, ಒಮ್ಮೆಗೇ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಗಾಳಿ ನುಗ್ಗಿ ಹೆಚ್ಚುವರಿ ಪೆಟ್ರೋಲ್ ಹೊರಹೋಗಿ ಎಂಜಿನ್ ಕೆಮ್ಮಿ ಏಳುತ್ತದೆ.

ಹೀಗೆ ಎದ್ದಿತೆಂದರೆ ರೋಗದ ಹೆಸರು ಗೊತ್ತಾಯಿತು, ಬೇರು ಗೊತ್ತಾಗಲಿಲ್ಲ. ಕಾರ್ಬೊರೇಟರಿನಡಿಯ ದಪ್ಪ ಬೇಕಲೈಟ್ ಪ್ಯಾಕಿಂಗ್ ಜಾಗದಲ್ಲಿ ಯಾರೋ ತೆಳು ಕಾಗದದ ಪ್ಯಾಕಿಂಗ್ ಹಾಕಿರಬಹುದು. ಸೈಲೆನ್ಸರ್ ಮ್ಯಾನಿಫೋಲ್ಡಿಗೂ ಕಾರ್ಬೊರೇಟರಿಗೂ ನಡುವೆ ಇರಬೇಕಾದ ತಗಡಿನ ತೆರೆಯನ್ನು ಹಿಂದಿನ ಮಾಲೀಕರ ಕಾಲದಲ್ಲೇ ಬಿಚ್ಚಿ ಎಸೆದಿರಬಹುದು. ಅಥವಾ ನೀಡಲ್ ವಾಲ್ವ್ ಸವೆದಿರಬಹುದು. ಬಟ್ಟಲು ತುಂಬಿದಾಗ ಫ್ಲೋಟ್ ಮೇಲೆದ್ದು ನೀಡಲನ್ನು ಒತ್ತಿ ಪೆಟ್ರೋಲಿನ ದಾರಿ ಮುಚ್ಚಬೇಕು. ನೀಡಲಿನ ಮೊನೆಯ ಸುತ್ತ ಉಂಗುರದಂಥ ಗೀರು ಬಿದ್ದಿದ್ದರೆ, ಅಥವಾ ನಳಿಕೆಯ ಸಿಬಿರೊಂದು ಸಿಕ್ಕಿಕೊಂಡಿದ್ದರೆ ಅದು ಮುಚ್ಚುವುದಿಲ್ಲ, ಪೆಟ್ರೋಲ್ ಹೊರಗೆ ತುಳುಕುತ್ತದೆ. ಹಿತ್ತಾಳೆ ಫ್ಲೋಟ್ ಆಗಿದ್ದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ಬೆಸುಗೆ ಬಿಟ್ಟಿದೆ, ಪೆಟ್ರೋಲ್ ತುಂಬಿ ಫ್ಲೋಟೇ ಮುಳುಗುತ್ತಿದೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆ ಮೆಕಾನಿಕಲ್ ಪಂಪಿನ ಒತ್ತಡ ಎರಡು ಪಿಎಸ್‌ಐ ಆಸುಪಾಸು. ಅದು ಕೆಟ್ಟಿತೆಂದು ಗುಜರಿಯಿಂದ ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪ್ ತಂದು ಕೂಡಿಸುವವರಿದ್ದಾರೆ. ಅದರ ಒತ್ತಡ ಮೂರು ಬಾರ್, ಅಂದರೆ ನಲವತ್ತು ಪಿಎಸ್‌ಐ ಮೇಲೆ. ಯಾವ ನೀಡಲ್ಲೂ ಅದನ್ನು ತಡೆಯಲಾರದು. ಜುಗಾಡು ನಮ್ಮ ಹೆಮ್ಮೆಯೇ ಇರಬಹುದು, ಪೆಟ್ರೋಲಿನ ಹಾದಿಯಲ್ಲಿ ಅದು ಬೇಡ.

ನಾತದ ಹಿಂದೆ ಬಿದ್ದವರು ಮರೆಯುವುದು ಕಿಡಿಯನ್ನು. ಪ್ಲಗ್ ಬಿಚ್ಚಿ ನೋಡಿದರೆ ಒದ್ದೆ, ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಕಾರ್ಬೊರೇಟರ್ ಓವರ್‌ಫ್ಲೋ ಎಂದು ತೀರ್ಮಾನ. ಆದರೆ ಕಿಡಿಯೇ ಇಲ್ಲದಿದ್ದರೂ ಪ್ಲಗ್ ಒದ್ದೆಯಾಗುತ್ತದೆ. ಉರಿಯದ ಪೆಟ್ರೋಲ್ ಇನ್ನೆಲ್ಲಿಗೆ ಹೋಗಬೇಕು? ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು ಈ ಕಾರುಗಳಲ್ಲಿ ಸುಮಾರು 0.4 ಮಿ.ಮೀ. ಇರಬೇಕು. ಕಂಡೆನ್ಸರ್ ಬಿಸಿಯಾದಾಗ ಮಾತ್ರ ಕೈಕೊಡುವುದುಂಟು. ಆಗ ಬಿಸಿ ಗಾಡಿ ಚಾಲೂ ಆಗದ ದೂರು ಥೇಟ್ ಪೆಟ್ರೋಲ್ ಕುದ್ದ ದೂರಿನಂತೆಯೇ ಕೇಳುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ ಹತ್ತಕ್ಕಿಂತ ಕೆಳಗಿಳಿದರೂ ಕಿಡಿ ಸೊರಗುತ್ತದೆ. ಐದು ನಿಮಿಷದ ಕಿಡಿ ಪರೀಕ್ಷೆ ಕಾರ್ಬೊರೇಟರ್ ಬಿಚ್ಚುವುದಕ್ಕಿಂತ ಮೊದಲು ಆಗಬೇಕು. ಕಿಡಿ ನೋಡುವಾಗ ಸೋರಿದ ಪೆಟ್ರೋಲ್ ಸುತ್ತ ಇರಬಾರದು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಈಗ ಕಬ್ಬಿಗೆ ಬರೋಣ. ಪೆಟ್ರೋಲಿಗೆ ಶೇ 5ರಷ್ಟು ಎಥೆನಾಲ್ ಬೆರೆಸುವುದು 2003ರಲ್ಲೇ ಶುರುವಾಯಿತು. ಮೊದಲ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2022ರ ಜೂನ್‌ನಲ್ಲಿ ದೇಶದ ಸರಾಸರಿ ಶೇ 10 ಮುಟ್ಟಿತು. ಶೇ 20 ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಎರಡೇ ವರ್ಷದಲ್ಲಿ ಅದು ಎಲ್ಲ ಬಂಕುಗಳ ಸಾಮಾನ್ಯ ಪೆಟ್ರೋಲ್ ಆಯಿತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕಬ್ಬು ಬೆಳೆಗಾರರ ದೃಷ್ಟಿಯಿಂದ ನೋಡಿದರೆ ಡಿಸ್ಟಿಲರಿ ಇರುವ ಕಾರ್ಖಾನೆಗೆ ಇನ್ನೊಂದು ಆದಾಯ. ಹಳೆ ಕಾರಿನವನೂ ಕಬ್ಬು ಬೆಳೆಗಾರನೂ ಒಬ್ಬನೇ ಆಗಿರುವ ಈ ಸೀಮೆಯಲ್ಲಿ ಯಾರ ಪರ ವಹಿಸುವುದು ಎಂಬ ಪೇಚು ಬೇರೆ.

ಬಂಕಿನ ಪೆಟ್ರೋಲಿನಲ್ಲಿ ಕಬ್ಬು ಎಷ್ಟಿದೆ ಎಂದು ಮನೆಯಂಗಳದಲ್ಲೇ ನೋಡಬಹುದು. ಬೆಂಕಿ, ಬೀಡಿ ಸುಳಿಯದ ಜಾಗದಲ್ಲಿ, ಶಾಲೆಯ ಪ್ರಯೋಗಶಾಲೆಯಲ್ಲಿರುವಂಥ 100 ಮಿ.ಲೀ. ಅಳತೆ ಗಾಜಿಗೆ ಮೊದಲು 10 ಮಿ.ಲೀ. ನೀರು, ಮೇಲೆ 50 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ, ಕುಲುಕಿ, ಇಡಿ. ಪೆಟ್ರೋಲಿಗಿಂತ ನೀರಿನ ಮೇಲೆ ಎಥೆನಾಲಿಗೆ ಮೋಹ ಹೆಚ್ಚು. ಅದು ಪೆಟ್ರೋಲನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ತಿಳಿಯಾದ ಮೇಲೆ ತಳದ ಪದರು 10ರ ಗೆರೆ ಬಿಟ್ಟು ಹತ್ತಿರ ಹತ್ತಿರ 20ಕ್ಕೆ ಏರಿರುತ್ತದೆ. ಏರಿದ ಆ ಹತ್ತು ಮಿ.ಲೀ., ಐವತ್ತರಲ್ಲಿ ಹತ್ತು, ಅದೇ ಶೇ 20.

ಇದೇ ಮೋಹ ಟ್ಯಾಂಕಿನಲ್ಲಿ ತೊಂದರೆ ತರುತ್ತದೆ. 2019ರ ಆಗಸ್ಟ್‌ನಂಥ ನೆರೆ ಬಂದು ದೂಧಗಂಗಾ, ವೇದಗಂಗಾ ಊರೊಳಗೆ ನುಗ್ಗಿದಾಗ ಮುಳುಗಿದ ಗಾಡಿಗಳಿಗಷ್ಟೇ ಅಲ್ಲ, ಮುಚ್ಚಳದ ವಾಷರ್ ಕೊಳೆತು ಮಳೆಗಾಲವಿಡೀ ನಿಂತ ಕಾರಿಗೂ ನೀರು ಸೇರುತ್ತದೆ. ಸ್ವಲ್ಪ ನೀರನ್ನು ಎಥೆನಾಲ್ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದಾಗ ನೀರು, ಎಥೆನಾಲ್ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ನಳಿಕೆಯ ಬಾಯಿ ಇರುವುದು ತಳದಲ್ಲೇ. ಮೊದಲ ಗುಟುಕೇ ನೀರುಬೆರೆತ ಮದ್ಯಸಾರ. ಅದಕ್ಕೆ ಎಂಜಿನ್ ಏಳುವುದಿಲ್ಲ, ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುವುದೂ ತಪ್ಪುವುದಿಲ್ಲ.

ನೀರಿಲ್ಲದಿದ್ದರೂ ತಣ್ಣನೆ ಎಂಜಿನ್ನಿಗೆ ಎಥೆನಾಲ್ ಕೊಂಚ ಭಾರವೇ. ಅದು ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುತ್ತದೆ, ಉರಿಯಲು ಗಾಳಿ ಮಾತ್ರ ಕಡಿಮೆ ಸಾಕು, ಒಂಬತ್ತು ಪಾಲು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಹಳೆ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ ತೆಳ್ಳಗಾಗುತ್ತದೆ. ಡಿಸೆಂಬರಿನ ಮುಂಜಾನೆ ಚೋಕ್ ಹೆಚ್ಚು ಹೊತ್ತು ಬೇಕಾಗುವುದು ಇದಕ್ಕೇ. ಚೋಕ್ ಕೇಬಲ್ ಪೂರ್ತಿ ಎಳೆಯದ ಕಾರಿನಲ್ಲಿ ಇದು ಎದ್ದು ಕಾಣುತ್ತದೆ. ಕೇಬಲ್ ಬಿಗಿಮಾಡಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯಿತು.

ನಾತಕ್ಕೆ ಮಾತ್ರ ಕೇಬಲ್ ಬಿಗಿಮಾಡಿ ಪ್ರಯೋಜನವಿಲ್ಲ. ಹಳೆ ರಬ್ಬರ್ ಎಥೆನಾಲಿಗೆ ಮೊದಲು ಉಬ್ಬುತ್ತದೆ, ಆಮೇಲೆ ಮೆತ್ತಗಾಗಿ ಒಳಪದರು ಸುಲಿಯುತ್ತದೆ, ಗಾಡಿ ನಿಂತು ಒಣಗಿದಾಗ ಬಿರಿಯುತ್ತದೆ. ಸುಲಿದ ಕರಿ ಚೂರುಗಳೇ ನೀಡಲಿಗೆ ಸಿಕ್ಕಿಕೊಳ್ಳುವ ಸಿಬಿರು. ಅಂದರೆ ಪೈಪಿನ ರೋಗ ಕಾರ್ಬೊರೇಟರಿನಲ್ಲಿ ಕಾಣಿಸಿಕೊಂಡಿತು. ಇನ್ನೂ ಹಳೆಯ, ಎರಡನೇ ಮಹಾಯುದ್ಧದ ಆಚೀಚಿನ ಕೆಲವು ಕಾರುಗಳಲ್ಲಿ ಫ್ಲೋಟು ಬಿರಡೆಯದ್ದು, ಮೇಲೆ ಅರಗಿನ ಲೇಪ. ಬಡಿಗೇರರು ಕಪಾಟಿಗೆ ಪಾಲಿಷ್ ಹೊಡೆಯಲು ಅರಗನ್ನು ಕರಗಿಸುವುದು ಸ್ಪಿರಿಟಿನಲ್ಲಿ. ಸ್ಪಿರಿಟ್ ಎಂದರೆ ಎಥೆನಾಲೇ. ಪಾಪ, ಆ ಬಿರಡೆ ಈಗ ದಿನವೂ ಅದರಲ್ಲೇ ನೆನೆಯುತ್ತಿದೆ. ಲೇಪ ಕರಗಿ, ಬಿರಡೆ ಪೆಟ್ರೋಲ್ ಹೀರಿ ಭಾರವಾಗಿ ಮುಳುಗಿದರೆ ಬಟ್ಟಲು ಉಕ್ಕದೆ ಇನ್ನೇನು?

ಹಾಗೆಂದು ಎಲ್ಲಕ್ಕೂ ಎಥೆನಾಲನ್ನೇ ದೂರುವುದನ್ನು ನಾನು ಒಪ್ಪುವುದಿಲ್ಲ. ನಲವತ್ತು ವರ್ಷ ಬದಲಾಯಿಸದ ಪೈಪು ಶುದ್ಧ ಪೆಟ್ರೋಲಿನಲ್ಲೂ ಬಿರಿಯುತ್ತಿತ್ತು. ವರ್ಷಕ್ಕೆರಡು ಸಲ, ದಸರಾ ಪೂಜೆಗೊಮ್ಮೆ ಮೆರವಣಿಗೆಗೊಮ್ಮೆ, ಹೊರಬರುವ ಕಾರು ಯಾವ ಇಂಧನ ಹಾಕಿದರೂ ಮುನಿಯುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ಪ್ರತಿಯೊಂದು ರಬ್ಬರನ್ನೂ ಒಂದೇ ಸಲ ಬದಲಾಯಿಸುವುದು ಸರಿಯಾದ ದಾರಿ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಹೆಸರಿಲ್ಲದ ಕರಿ ಪೈಪು ಬೇಡ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದದ್ದನ್ನು ಕೇಳಿ ಪಡೆಯಬೇಕು, ಅದರ ಒಳಪದರಿನ ಫ್ಲೋರೊ ರಬ್ಬರಿಗೆ ಎಥೆನಾಲ್ ತಟ್ಟುವುದಿಲ್ಲ. ಡಯಾಫ್ರಮ್, ನೀಡಲಿನ ಮೊನೆ, ಪ್ಯಾಕಿಂಗ್ ಕಿಟ್ ಕೊಳ್ಳುವಾಗಲೂ ಇದೇ ಪ್ರಶ್ನೆ ಕೇಳಬೇಕು.

ಸ್ಟಾರ್ಮ್‌ನಂಥ ಇಂಜೆಕ್ಷನ್ ಕಾರಿಗೆ ಫ್ಲೋಟೂ ಇಲ್ಲ, ಚೋಕೂ ಇಲ್ಲ, ಹುಡುಕುವ ಜಾಗ ಬೇರೆ. ಕೀಲಿಯನ್ನು ಸ್ಟಾರ್ಟ್ ಮಾಡದೆ ಎರಡು ಸಲ ಆನ್–ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆದಾಗ ಸಲೀಸಾಗಿ ಎದ್ದರೆ, ರಾತ್ರಿಯಿಡೀ ನಿಲ್ಲಬೇಕಾದ ಒತ್ತಡ ಎಲ್ಲೋ ಇಳಿದಿದೆ: ಪಂಪಿನ ಚೆಕ್ ವಾಲ್ವ್ ಅಥವಾ ತೊಟ್ಟಿಕ್ಕುವ ಇಂಜೆಕ್ಟರ್. ಪ್ರೆಷರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪನ್ನು ಕಿತ್ತು ನೋಡಿದಾಗ ಒಳಗೆ ಪೆಟ್ರೋಲಿನ ಪಸೆ ಇದ್ದರೆ ಅದರ ಡಯಾಫ್ರಮ್ ಹರಿದಿದೆ. ನಾತಕ್ಕೂ ಮೊಂಡುತನಕ್ಕೂ ಅದೊಂದೇ ಕಾರಣ. ಬಿಸಿ ಎಂಜಿನ್ನನ್ನು ತಣ್ಣಗಿದೆ ಎಂದು ಸುಳ್ಳು ಹೇಳುವ ಟೆಂಪರೇಚರ್ ಸೆನ್ಸರ್ ಕೂಡ ಹೀಗೇ ಮುಳುಗಿಸುತ್ತದೆ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿಯುತ್ತದೆ, ಸರ್ವಿಸ್ ಗುಂಡಿಯಲ್ಲಿ ಮಡುಗಟ್ಟುತ್ತದೆ. ನಾತ ಬಂದ ಶೆಡ್ಡಿನಲ್ಲಿ ಬಾಗಿಲು ತೆರೆದು ಗಾಳಿಯಾಡಿಸುವ ಮೊದಲು ಲೈಟಿನ ಸ್ವಿಚ್ ಸಹ ಮುಟ್ಟಬಾರದು. ಬಾಟಲಿಯಿಂದ ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಎಂಜಿನ್ ಒಮ್ಮೆ ಉಲ್ಟಾ ಕೆಮ್ಮಿದರೆ ಬೆಂಕಿ ಬಾಟಲಿ ಹಿಡಿದ ಕೈಗೇ ಬರುತ್ತದೆ. ಕೈಯಿಂದ ಆಡಿಸುವ ಸಲಾಕೆ ಇರುವಾಗ ಈ ಸಾಹಸ ಯಾಕೆ?

ಪೈಪು, ನೀಡಲ್, ಪ್ಯಾಕಿಂಗ್ ಎಲ್ಲ ಹೊಸದಾದ ಮೇಲೆ ಪರೀಕ್ಷೆ ಶೆಡ್ಡಿನಲ್ಲಿ ಆಗುವುದಿಲ್ಲ. ಗಾಡಿಯನ್ನು ನಿಪ್ಪಾಣಿ ದಾಟಿಸಿ ತವಂದಿ ಘಾಟ್ ಹತ್ತಿಸಬೇಕು. ಏರಿನಲ್ಲಿ ಎಂಜಿನ್ ಚೆನ್ನಾಗಿ ಕಾಯುತ್ತದೆ. ಮೇಲೆ ರಸ್ತೆಯಿಂದ ಆಚೆ ನಿಲ್ಲಿಸಿ, ಬಾನೆಟ್ ಎತ್ತದೆ, ಕಾಲು ಗಂಟೆ ಬಿಟ್ಟು ಕೀಲಿ ತಿರುವಬೇಕು. ಒಂದೇ ಏಟಿಗೆ ಎದ್ದರೆ ಬಿಸಿಯ ದೂರು ಮುಗಿಯಿತು. ತಣ್ಣಗಿನ ದೂರಿಗೆ ಟ್ಯಾಂಕ್ ಭರ್ತಿ ಮಾಡಿಸಿ ಎಂಟು ದಿನ ಶೆಡ್ಡಿನಲ್ಲಿ ನಿಲ್ಲಿಸಿ, ಒಂಬತ್ತನೆಯ ಮುಂಜಾನೆ ಮೊದಲು ಮೂಗು, ಆಮೇಲೆ ಕೀಲಿ.